ಕಾಂಟ್ರಡಿಕ್ಷನ್ ಎಂಬ ಪದ ಮತ್ತು ನಮ್ಮ ವಿರೋಧಾಭಾಸಗಳು

ಕೆಲವು ತಿಂಗಳ ಹಿಂದೆ ಒಂದು ಕಥಾವಾಚನ ಕಾರ್ಯಕ್ರಮಕ್ಕೆ ನಮ್ಮನ್ನು ಕರೆದಿದ್ದರು. ಜಿಲ್ಲಾ ಕೇಂದ್ರದ ಸಣ್ಣ ಸಭಾಂಗಣ, ಐವತ್ತು ಅರುವತ್ತು ಜನ. ನಮ್ಮನ್ನು ಸಭೆಗೆ ಪರಿಚಯಿಸಿದ ಗೆಳೆಯರು ಪ್ರೀತಿಯಿಂದಲೇ ಮಾತಾಡಿದರು. ಮನೆಯಲ್ಲಿ ಉರ್ದು ಮಾತಾಡುವ, ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲೇ ಓದಿದ ಮನುಷ್ಯ ಇಷ್ಟು ಅಚ್ಚ ಕನ್ನಡದಲ್ಲಿ ಕಥೆ ಬರೆಯುತ್ತಾರಲ್ಲ ಎಂಬುದು ಅವರ ವಿಸ್ಮಯವಾಗಿತ್ತು. ಕೊನೆಗೆ, "ಇವರ ಬದುಕೇ ಒಂದು ಕಾಂಟ್ರಡಿಕ್ಷನ್" ಎಂದರು. ಜನ ಚಪ್ಪಾಳೆ ತಟ್ಟಿದರು. ನಾವೂ ನಕ್ಕು ಕೈ ಮುಗಿದೆವು.

ರಾತ್ರಿ ಬಸ್ಸಿನಲ್ಲಿ ಹಿಂದಿರುಗುವಾಗ ಆ ಪದ ಮತ್ತೆ ಮತ್ತೆ ನೆನಪಾಯಿತು. ಗೆಳೆಯರ ಉದ್ದೇಶದ ಬಗ್ಗೆ ನಮಗೆ ಸಂಶಯವಿಲ್ಲ. ಆದರೆ ಅವರು ಯಾವುದನ್ನು ಯಾವುದರ ಎದುರು ನಿಲ್ಲಿಸಿದರು? ಮನೆಯಲ್ಲಿ ಉರ್ದು ಆಡುವುದು ಒಂದು ಸಂಗತಿ. ಕನ್ನಡದಲ್ಲಿ ಬರೆಯುವುದು ಇನ್ನೊಂದು ಸಂಗತಿ. ಇವೆರಡರಲ್ಲಿ ಒಂದು ಇನ್ನೊಂದನ್ನು ಎಲ್ಲಿ ನಿರಾಕರಿಸುತ್ತದೆ? ಅವರು 'ಅಚ್ಚರಿ' ಎಂದಿದ್ದರೆ ನಮ್ಮ ತಕರಾರೇನೂ ಇರುತ್ತಿರಲಿಲ್ಲ. ಇಂಗ್ಲಿಷಿನ ಪದಕ್ಕೆ ಒಂದು ತೂಕವಿದೆಯೆಂದು ಅದನ್ನು ಬಳಸಿದರು. ಆ ತೂಕ ಎಲ್ಲಿಂದ ಬಂತು, ಅದನ್ನು ಯಾರ ಮೇಲೆ ಹೇರುತ್ತಿದ್ದೇವೆ ಎಂಬುದನ್ನು ನೋಡಬೇಕೆನ್ನಿಸಿತು. ಕನ್ನಡದ ಭಾಷಣ, ವಿಮರ್ಶೆ, ಪತ್ರಿಕಾ ಬರಹಗಳಲ್ಲಿ ಈ ಪದ ಮತ್ತು ಅದರ ಅನುವಾದಗಳು ದಿನವೂ ಓಡಾಡುತ್ತಿರುವುದರಿಂದ ಇದು ಒಬ್ಬಿಬ್ಬರ ಮಾತಲ್ಲ.

ಪದದ ಮೂಲ ಲ್ಯಾಟಿನ್. 'ಕಾಂಟ್ರಾ' ಎಂದರೆ ಎದುರು, 'ಡಿಕೆರೆ' ಎಂದರೆ ಹೇಳು. ಫ್ರೆಂಚಿನ ಮೂಲಕ ಅದು 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು. ಕನ್ನಡದಲ್ಲಿ ಇದಕ್ಕೆ ಸರಿಸಮನಾದ ಪದವನ್ನು ಹುಡುಕಿಕೊಂಡು ನಿಘಂಟಿಗೆ ಹೋಗಬೇಕಾಗಿಲ್ಲ, ಮನೆಯಲ್ಲೇ ಇದೆ: ಎದುರುಮಾತು. ದೊಡ್ಡವರಿಗೆ ಎದುರಾಡಬೇಡ ಎಂದು ಗದರಿಸಿಕೊಳ್ಳದೆ ಬೆಳೆದ ಮಕ್ಕಳು ನಮ್ಮಲ್ಲಿ ಇಲ್ಲ. ನಮ್ಮ ದಖನಿಯಲ್ಲಿ ಅದೇ ಗದರಿಕೆ, "ಬಡೋಂಕು ಉಲ್ಟಾ ಜವಾಬ್ ನಕ್ಕೋ ದೇ" ಎಂದಾಗುತ್ತದೆ. ಇಂಗ್ಲಿಷ್ ಮನೆಯ ತಂದೆಯೂ ಮಗನಿಗೆ "ಡೋಂಟ್ ಕಾಂಟ್ರಡಿಕ್ಟ್ ಮಿ" ಎನ್ನುತ್ತಾನೆ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ, ಇಬ್ರಿಯರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದಲ್ಲಿ, ಯೇಸು ಪಾಪಿಗಳಿಂದ ಸಹಿಸಿಕೊಂಡದ್ದನ್ನು ಹೇಳಲು ಬಳಸಿರುವುದು ಇದೇ ಕಾಂಟ್ರಡಿಕ್ಷನ್ ಪದ. ಅಲ್ಲಿ ಅದಕ್ಕೆ ತರ್ಕದ ಅರ್ಥವಿಲ್ಲ, ಎದುರು ನಿಂತು ಆಡಿದ ಹಗೆಯ ಮಾತು ಎಂಬ ಅರ್ಥವಿದೆ. ಅಂದರೆ ಈ ಪದ ಹುಟ್ಟಿದ್ದು ಬಾಯಿಯಲ್ಲಿ. ಒಬ್ಬರು ಒಂದು ಮಾತು ಹೇಳಬೇಕು, ಇನ್ನೊಬ್ಬರು ಅಥವಾ ಅವರೇ ಇನ್ನೊಮ್ಮೆ ಅದನ್ನು ಅಲ್ಲಗಳೆಯಬೇಕು. ಮಾತೇ ಇಲ್ಲದ ಕಡೆ ಎದುರುಮಾತು ಇರುವುದಿಲ್ಲ.

ಚೀನೀ ಭಾಷೆಯಲ್ಲಿ ಇದಕ್ಕೆ 'ಮಾವ್‌ದುನ್' ಎನ್ನುತ್ತಾರೆ. ಅಕ್ಷರಶಃ ಅರ್ಥ 'ಈಟಿ-ಗುರಾಣಿ'. ಕ್ರಿಸ್ತಪೂರ್ವ 3ನೇ ಶತಮಾನದ ಚಿಂತಕ ಹಾನ್ ಫೇಯ ಗ್ರಂಥದಲ್ಲಿ ಇದರ ಹಿಂದಿನ ಕತೆಯಿದೆ. ಒಬ್ಬ ವ್ಯಾಪಾರಿ ತನ್ನ ಗುರಾಣಿಯನ್ನು ಯಾವ ಆಯುಧವೂ ತೂರಲಾರದೆಂದು ಹೊಗಳುತ್ತಾನೆ. ಆಮೇಲೆ ತನ್ನ ಈಟಿಯನ್ನೆತ್ತಿ ಅದು ತೂರದ ವಸ್ತುವೇ ಇಲ್ಲವೆನ್ನುತ್ತಾನೆ. ಹಾಗಾದರೆ ನಿನ್ನ ಈಟಿಯಿಂದಲೇ ನಿನ್ನ ಗುರಾಣಿಗೆ ತಿವಿದರೆ ಏನಾಗುತ್ತದೆ ಎಂದು ಯಾರೋ ಕೇಳಿದಾಗ ಅವನ ಬಾಯಿ ಕಟ್ಟುತ್ತದೆ. ಈ ಕತೆಯಲ್ಲಿ ಈಟಿಯೂ ಗುರಾಣಿಯೂ ಒಂದೇ ಅಂಗಡಿಯಲ್ಲಿ ಜಗಳವಿಲ್ಲದೆ ಬಿದ್ದುಕೊಂಡಿದ್ದವು. ವ್ಯಾಪಾರಿಯ ಎರಡು ಮಾತುಗಳು ಮಾತ್ರ ಒಂದೇ ಅಂಗಡಿಯಲ್ಲಿ ಇರಲಾರದೆ ಹೋದವು.

ತರ್ಕಶಾಸ್ತ್ರ ಈ ಬಾಯಿಮಾತಿನ ಪದವನ್ನು ಹಿಡಿದು ಕಟ್ಟುನಿಟ್ಟು ಮಾಡಿತು. ಅರಿಸ್ಟಾಟಲ್ ಎರಡು ಬಗೆಯ ವಿರೋಧವನ್ನು ಬೇರ್ಪಡಿಸಿದ. ಇಂಗ್ಲಿಷಿನಲ್ಲಿ ಒಂದನ್ನು ಕಾಂಟ್ರಡಿಕ್ಟರಿ ಎನ್ನುತ್ತಾರೆ, ಇನ್ನೊಂದನ್ನು ಕಾಂಟ್ರರಿ ಎನ್ನುತ್ತಾರೆ. ಈ ವ್ಯತ್ಯಾಸವನ್ನು ನಾವು ಮೊದಲು ಕಲಿತದ್ದು ಇಂಗ್ಲಿಷ್ ಪುಸ್ತಕದಿಂದಲ್ಲ. ನಮ್ಮ ಓಣಿಯ ಮಸೀದಿಯ ಮೌಲ್ವಿ ಸಾಹೇಬರು ಸಂಜೆ ಹೊತ್ತು ನಮ್ಮಂಥ ನಾಲ್ಕೈದು ಹುಡುಗರನ್ನು ಕೂರಿಸಿಕೊಂಡು ಮಂತಿಕ್ ಅಂದರೆ ತರ್ಕದ ಒಂದೆರಡು ಪಾಠ ಹೇಳುತ್ತಿದ್ದರು. 13ನೇ ಶತಮಾನದ ಅಬ್ಹರಿ ಬರೆದ 'ಈಸಾಗೋಜಿ' ಎಂಬ ಸಣ್ಣ ಪುಸ್ತಕ ನಮ್ಮ ಮದ್ರಸಾಗಳಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಆ ಹೆಸರೇ ಗ್ರೀಕಿನದು. ಅಲ್ಲಿ ಕಾಂಟ್ರಡಿಕ್ಷನ್ನಿಗೆ 'ತನಾಕುಝ್' ಎನ್ನುತ್ತಾರೆ, ಕಾಂಟ್ರರಿಗೆ 'ತಝಾದ್' ಎನ್ನುತ್ತಾರೆ.

ಮೌಲ್ವಿ ಸಾಹೇಬರ ಉದಾಹರಣೆ ಓಣಿಯ ಅಂಗಡಿಯದೇ. ಅಂಗಡಿಯ ಗೋಡೆ ಬಿಳಿ, ಅಂಗಡಿಯ ಗೋಡೆ ಕಪ್ಪು. ಇವೆರಡೂ ಒಟ್ಟಿಗೆ ನಿಜವಾಗಲಾರವು, ಆದರೆ ಎರಡೂ ಸುಳ್ಳಾಗಬಹುದು, ಏಕೆಂದರೆ ಗೋಡೆ ಹಸಿರಾಗಿರಬಹುದು. ಇದು ತಝಾದ್. ಅಂಗಡಿ ತೆರೆದಿದೆ, ಅಂಗಡಿ ತೆರೆದಿಲ್ಲ. ಇವೆರಡೂ ಒಟ್ಟಿಗೆ ನಿಜವಾಗಲಾರವು, ಒಟ್ಟಿಗೆ ಸುಳ್ಳೂ ಆಗಲಾರವು. ಒಂದನ್ನು ಬಿಡಲೇಬೇಕು. ಇದು ತನಾಕುಝ್. 'ತಝಾದ್' ಎಂಬುದು 'ಝಿದ್' ಎಂಬುದರಿಂದ ಬಂದದ್ದು. ಕನ್ನಡದ 'ಜಿದ್ದು', 'ಜಿದ್ದಾಜಿದ್ದಿ'ಗಳೂ ಅಲ್ಲಿಂದಲೇ ಬಂದವು. 'ತನಾಕುಝ್' ಪದದ ಬೇರಿನಲ್ಲಿರುವುದು ಬಿಚ್ಚು, ಕೆಡವು ಎಂಬ ಅರ್ಥ. ವುಝೂ ಮುರಿಯುವ ಸಂಗತಿಗಳಿಗೆ ಹೇಳುವ 'ನವಾಕಿಝ್' ಇದೇ ಬೇರಿನದು. ಕುರ್‌ಆನಿನ ಅನ್ನಹ್ಲ್ ಅಧ್ಯಾಯದಲ್ಲಿ, ನೂತ ನೂಲನ್ನು ತಾನೇ ಬಿಚ್ಚಿಹಾಕಿದ ಹೆಂಗಸಿನ ಹೋಲಿಕೆಯಲ್ಲಿ ಬರುವ ಕ್ರಿಯಾಪದವೂ ಇದೇ. ಆ ವಚನ ಆಣೆಗಳನ್ನು ಮುರಿಯುವವರ ಬಗ್ಗೆ ಇದೆ. ಇಂಗ್ಲಿಷಿನಲ್ಲಿ ಎದುರು ಹೇಳುವುದು, ಅರಬಿಯಲ್ಲಿ ತಾನೇ ನೂತದ್ದನ್ನು ಬಿಚ್ಚುವುದು. ಎರಡೂ ಕಡೆ ಒಂದು ಹೇಳಿಕೆ ಅಥವಾ ಒಂದು ಮಾತುಕೊಟ್ಟ ಸಂಗತಿ ಮೊದಲೇ ಇರಬೇಕಾಗುತ್ತದೆ.

ಮೌಲ್ವಿ ಸಾಹೇಬರು ಇನ್ನೊಂದು ಮಾತನ್ನು ಒತ್ತಿ ಹೇಳುತ್ತಿದ್ದರು. ಎರಡು ಮಾತುಗಳು ನಿಜಕ್ಕೂ ತನಾಕುಝ್ ಆಗಬೇಕಾದರೆ ಎಂಟು ವಿಷಯಗಳಲ್ಲಿ ಅವು ಒಂದೇ ಆಗಿರಬೇಕು. ಯಾರ ಬಗ್ಗೆ, ಏನನ್ನು, ಎಲ್ಲಿ, ಯಾವಾಗ, ಯಾವ ಶರತ್ತಿನ ಮೇಲೆ, ಯಾರ ಸಂಬಂಧದಲ್ಲಿ, ಇಡಿಯ ಬಗ್ಗೆಯೋ ಭಾಗದ ಬಗ್ಗೆಯೋ, ಆಗಬಹುದಾದದ್ದೋ ಆಗಿಹೋದದ್ದೋ. ಶುಕ್ರವಾರ ಜುಮಾ ಹೊತ್ತಿಗೆ ಅಂಗಡಿ ಮುಚ್ಚಿದೆ ಎಂದವನೂ ಸಂಜೆ ತೆರೆದಿದೆ ಎಂದವನೂ ಒಬ್ಬರನ್ನೊಬ್ಬರು ಸುಳ್ಳರೆನ್ನಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಈ ಪದವನ್ನು ಎಚ್ಚರದಿಂದ ಬಳಸುವವರೂ ಇದನ್ನೇ ಪಾಲಿಸುತ್ತಾರೆ. ಒಂದೇ ಕಾಲದಲ್ಲಿ, ಒಂದೇ ಅರ್ಥದಲ್ಲಿ ಎಂಬ ಶರತ್ತನ್ನು ಅರಿಸ್ಟಾಟಲನೇ ಹಾಕಿದ್ದ.

ಈಗ ನಮ್ಮ ಗೆಳೆಯರ ಮಾತಿಗೆ ಈ ಎಂಟನ್ನು ಹಿಡಿದು ನೋಡಬಹುದು. ಉರ್ದು ಮನೆಯಲ್ಲಿ, ಕನ್ನಡ ಕಾಗದದ ಮೇಲೆ. ಅಮ್ಮನ ಸಂಬಂಧದಲ್ಲಿ ಒಂದು, ಓದುಗರ ಸಂಬಂಧದಲ್ಲಿ ಇನ್ನೊಂದು. ಎಲ್ಲಿಯೂ ಎದುರುಮಾತಿಲ್ಲ. ಹಾಗಿದ್ದರೂ ಅವರಿಗೆ ಎದುರುಮಾತು ಕೇಳಿಸಿತಲ್ಲ, ಏಕೆ? ಅವರ ಮನಸ್ಸಿನಲ್ಲಿ ಮೊದಲೇ ಒಂದು ಹೇಳಿಕೆ ಕುಳಿತಿದ್ದಿರಬೇಕು: ಉರ್ದು ಮನೆಯವರು ಕನ್ನಡದವರಲ್ಲ. ನಮ್ಮ ಕಥೆಗಳು ಆ ಹೇಳಿಕೆಗೆ ಎದುರಾಡಿದವು. ವೈರುಧ್ಯವೇನಾದರೂ ಇದ್ದರೆ ಅದು ಅವರ ನಂಬಿಕೆಗೂ ಅವರ ಕಣ್ಣೆದುರಿನ ಸತ್ಯಕ್ಕೂ ನಡುವೆ ಇತ್ತು. ಅದನ್ನು ಅವರು ನಮ್ಮ ಬದುಕಿನ ಖಾತೆಗೆ ಬರೆದರು.

ವ್ಯತ್ಯಾಸವನ್ನು ವೈರುಧ್ಯವೆಂದು ಓದುವ ಈ ರೂಢಿ ಅನುವಾದದ ಪ್ರಶ್ನೆಯೂ ಹೌದು. ಕುರ್‌ಆನಿನ ಅನ್ನಿಸಾ ಅಧ್ಯಾಯದ 82ನೇ ವಚನದಲ್ಲಿ 'ಇಖ್ತಿಲಾಫ್' ಎಂಬ ಪದ ಬರುತ್ತದೆ. ಈ ಗ್ರಂಥ ಅಲ್ಲಾಹನಲ್ಲದೆ ಬೇರೆಯವರಿಂದ ಬಂದಿದ್ದರೆ ಅದರಲ್ಲಿ ಬಹಳ ಇಖ್ತಿಲಾಫ್ ಕಾಣುತ್ತಿತ್ತು ಎಂಬುದು ಅದರ ತಾತ್ಪರ್ಯ. 1930ರಲ್ಲಿ ಪಿಕ್ತಾಲ್ ಇದಕ್ಕೆ ಇನ್‌ಕಾಂಗ್ರುಯಿಟಿ ಎಂದರು. ಅದೇ ದಶಕದಲ್ಲಿ ಲಾಹೋರಿನಿಂದ ಅನುವಾದ ಪ್ರಕಟಿಸಿದ ಯೂಸುಫ್ ಅಲಿ ಡಿಸ್ಕ್ರಿಪೆನ್ಸಿ ಎಂದರು. 1980ರಲ್ಲಿ ಮುಹಮ್ಮದ್ ಅಸದ್ ಕಾಂಟ್ರಡಿಕ್ಷನ್ ಎಂದರು. ಅದೇ ಇಖ್ತಿಲಾಫ್ ಪದ ಅರ್ರೂಮ್ ಅಧ್ಯಾಯದ 22ನೇ ವಚನದಲ್ಲಿ ಮತ್ತೆ ಬರುತ್ತದೆ. ಅಲ್ಲಿ ಮನುಷ್ಯರ ಭಾಷೆಗಳ ಮತ್ತು ಬಣ್ಣಗಳ ಇಖ್ತಿಲಾಫನ್ನು ಸೃಷ್ಟಿಕರ್ತನ ನಿದರ್ಶನಗಳಲ್ಲಿ ಒಂದೆಂದು ಹೇಳಲಾಗಿದೆ. ಇಲ್ಲಿ ಯಾವ ಅನುವಾದಕರೂ ಕಾಂಟ್ರಡಿಕ್ಷನ್ ಎಂದು ಬರೆಯುವಂತಿಲ್ಲ, ಬರೆದರೆ ವಚನವೇ ಕೆಡುತ್ತದೆ. ಒಂದು ಗ್ರಂಥದ ಮಾತುಗಳೊಳಗೆ ಇರಬಾರದ ಸಂಗತಿ, ಮನುಷ್ಯರ ಭಾಷೆಗಳೊಳಗೆ ಬಂದಾಗ ಇರಲೇಬೇಕಾದ ಸಂಗತಿಯಾಗುತ್ತದೆ. ಅರಬಿಯಲ್ಲಿ ಪದ ಒಂದೇ, ಎಲ್ಲಿ ಯಾವ ಅರ್ಥ ಎಂಬುದನ್ನು ಓದುವವನ ವಿವೇಕ ನಿರ್ಧರಿಸಬೇಕು. ಇಂಗ್ಲಿಷಿನಲ್ಲಿ ಪದಗಳು ಬೇರೆ ಬೇರೆ ಇವೆ. ಬಳಸುವವರಲ್ಲಿ ಆ ವಿವೇಕವಿಲ್ಲದಿದ್ದರೆ ಬೇರೆ ಬೇರೆ ಪದಗಳಿದ್ದೂ ಪ್ರಯೋಜನವಿಲ್ಲ.

ಇಂಗ್ಲಿಷಿನಲ್ಲಿ 'ಕಾಂಟ್ರಡಿಕ್ಷನ್ ಇನ್ ಟರ್ಮ್ಸ್' ಎಂಬ ನುಡಿಗಟ್ಟಿದೆ. ಪದಗಳಲ್ಲೇ ಎದುರುಮಾತು ಅಡಗಿದೆ ಎಂದು ಅರ್ಥ. ಮದುವೆಯಾದ ಬ್ರಹ್ಮಚಾರಿ, ಚೌಕಾಕಾರದ ವೃತ್ತ ಎಂಬಂಥವು ಇದಕ್ಕೆ ನ್ಯಾಯವಾದ ಉದಾಹರಣೆಗಳು. ಬ್ರಹ್ಮಚಾರಿ ಎಂಬ ಪದದ ಅರ್ಥದಲ್ಲೇ ಮದುವೆಯಾಗದಿರುವುದು ಸೇರಿರುವುದರಿಂದ ವಾದಕ್ಕೆ ಎಡೆಯಿಲ್ಲ. ಆದರೆ ಈ ನುಡಿಗಟ್ಟು ಬಹು ಬೇಗ ಕುಹಕದ ಆಯುಧವಾಯಿತು. 1990ರ ದಶಕದಲ್ಲಿ ಇಸ್ಲಾಮಿಕ್ ಫೆಮಿನಿಸಂ ಎಂಬ ಮಾತು ಬಳಕೆಗೆ ಬಂದಾಗ, ಅದು ಪದಗಳಲ್ಲೇ ವೈರುಧ್ಯವಿರುವ ಮಾತೆಂದು ಎರಡು ಕಡೆಯವರೂ ವಾದಿಸಿದರು. ಇಸ್ಲಾಮಿನಲ್ಲಿ ಸ್ತ್ರೀವಾದ ಸಾಧ್ಯವೇ ಇಲ್ಲವೆಂದು ಕೆಲವು ಸ್ತ್ರೀವಾದಿಗಳು, ಸ್ತ್ರೀವಾದಕ್ಕೆ ಇಸ್ಲಾಮಿನಲ್ಲಿ ಜಾಗವಿಲ್ಲವೆಂದು ಕೆಲವು ಧರ್ಮಪಂಡಿತರು. ಪರಸ್ಪರ ಮುಖ ನೋಡದ ಇಬ್ಬರೂ ಈ ಒಂದು ವಿಷಯದಲ್ಲಿ ಒಂದಾದರು. ನಡುವೆ ನಿಂತ ಹೆಣ್ಣುಮಗಳು, ನಾನು ಎರಡೂ ಆಗಿದ್ದೇನೆ ಎಂದು ಹೇಳುತ್ತಲೇ ಇದ್ದಳು. ಇಬ್ಬರೂ ತಮ್ಮ ತಮ್ಮ ವಿವರಣೆಯನ್ನು ಪದದ ಅರ್ಥವೆಂದು ಭಾವಿಸಿದ್ದರಿಂದ ಆ ದನಿ ಅವರಿಗೆ ಕೇಳಲಿಲ್ಲ.

ಇದು ದೂರದ ಮಾತಲ್ಲ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಲೇಖಕಿ ಮತ್ತು ಅನುವಾದಕಿ ದೀಪಾ ಭಾಸ್ತಿ ಇಬ್ಬರನ್ನೂ ನಾಡು ಮೆಚ್ಚಿಕೊಂಡಿತು. ಕೆಲವೇ ತಿಂಗಳಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಬಾನು ಅವರನ್ನು ಆಹ್ವಾನಿಸಿದಾಗ, ಮುಸ್ಲಿಂ ಮಹಿಳೆ ಮತ್ತು ದಸರಾ ಎಂಬ ಎರಡು ಪದಗಳು ಜೊತೆಗಿರಲಾರವು ಎಂಬ ವಾದ ಎದ್ದಿತು. 2017ರಲ್ಲಿ ಕವಿ ನಿಸಾರ್ ಅಹಮದ್ ಅದೇ ದಸರಾವನ್ನು ಉದ್ಘಾಟಿಸಿದ್ದರೆಂಬುದು ಹಲವರಿಗೆ ನೆನಪಾಗಲಿಲ್ಲ. ಬಾನು ಅವರು ಹಿಂದೊಮ್ಮೆ ಸಾಹಿತ್ಯದ ವೇದಿಕೆಯೊಂದರಲ್ಲಿ ಆಡಿದ ಮಾತಿನ ತುಣುಕನ್ನು ಹೆಕ್ಕಿ ತೆಗೆದು ಹಂಚಲಾಯಿತು. ಕನ್ನಡವನ್ನು ದೇವಿಯ ರೂಪದಲ್ಲಿ ನಿಲ್ಲಿಸಿದರೆ ತನ್ನಂಥವರು ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಆ ಮಾತಿನಲ್ಲಿತ್ತು. ಅಂದು ಹಾಗೆಂದವರು ಇಂದು ಹೀಗೆ ಬರುವುದು ಹೇಗೆ ಎಂದು ಕೇಳಿದರು. ಹೈಕೋರ್ಟೂ ಸುಪ್ರೀಂ ಕೋರ್ಟೂ ಆಕ್ಷೇಪಣೆಯ ಅರ್ಜಿಗಳನ್ನು ತಳ್ಳಿಹಾಕಿದವು. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಭಾಷೆಯ ಅಂಗಳದಲ್ಲಿ ತನಗೂ ಜಾಗ ಬೇಕೆಂದು ಕೇಳುವುದೂ, ಜಾಗ ಕೊಟ್ಟು ಕರೆದಾಗ ಬರುವುದೂ ಒಂದಕ್ಕೊಂದು ಹೇಗೆ ಎದುರಾಗುತ್ತವೆಂದು ನಮಗೆ ತಿಳಿಯಲಿಲ್ಲ. ಮೌಲ್ವಿ ಸಾಹೇಬರ ಎಂಟು ಶರತ್ತುಗಳಲ್ಲಿ ಮೊದಲನೆಯದೇ, ಅಂದರೆ ಯಾವುದರ ಬಗ್ಗೆ ಎಂಬುದೇ, ಇಲ್ಲಿ ಕೂಡಿಬರುವುದಿಲ್ಲ.

ಹಳೆಯ ಮಾತನ್ನು ತೆಗೆದು ಹೊಸ ಮಾತಿನ ಎದುರು ಹಿಡಿಯುವುದು ತಪ್ಪೆಂದು ನಾವು ಹೇಳುತ್ತಿಲ್ಲ. ನಮ್ಮ ನ್ಯಾಯಾಲಯಗಳಲ್ಲಿ ಅದು ದಿನವೂ ನಡೆಯುತ್ತದೆ. ಕನ್ನಡದಲ್ಲೇ ವಾದ ಮಾಡುವ ವಕೀಲರೂ ಈ ಒಂದು ಪದವನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿದ್ದಾರೆ. "ಸಾಕ್ಷಿಯ ಕಾಂಟ್ರಡಿಕ್ಷನ್ ಮಾರ್ಕ್ ಮಾಡಿಸಿದೆ" ಎನ್ನುತ್ತಾರೆ. ಅಲ್ಲಿ ಅದಕ್ಕೊಂದು ಕ್ರಮವಿದೆ. ಸಾಕ್ಷಿ ಹಿಂದೆ ಬರಹದಲ್ಲಿ ಕೊಟ್ಟ ಹೇಳಿಕೆಯಿಂದ ಅವನ ಈಗಿನ ಮಾತನ್ನು ಸುಳ್ಳಾಗಿಸಬೇಕಾದರೆ, ಮೊದಲು ಆ ಹಳೆಯ ಹೇಳಿಕೆಯ ಅದೇ ಭಾಗವನ್ನು ಅವನ ಗಮನಕ್ಕೆ ತರಬೇಕು. 1872ರ ಸಾಕ್ಷ್ಯ ಅಧಿನಿಯಮದ 145ನೇ ಕಲಮು ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದು 148ನೇ ಕಲಮು. ಪೊಲೀಸರ ಮುಂದೆ ಹೇಳದೆ ಬಿಟ್ಟ ಪ್ರತಿಯೊಂದು ಸಂಗತಿಯೂ ಕಾಂಟ್ರಡಿಕ್ಷನ್ ಆಗುವುದಿಲ್ಲವೆಂಬುದನ್ನು 1959ರಲ್ಲಿ ಸುಪ್ರೀಂ ಕೋರ್ಟು ತಹಸೀಲ್ದಾರ್ ಸಿಂಗ್ ಪ್ರಕರಣದಲ್ಲಿ ವಿವರವಾಗಿ ಚರ್ಚಿಸಿತು. ಸಣ್ಣಪುಟ್ಟ ವ್ಯತ್ಯಾಸ ಬೇರೆ, ಸಾಕ್ಷ್ಯದ ಬುಡವನ್ನೇ ಅಲ್ಲಾಡಿಸುವ ಎದುರುಮಾತು ಬೇರೆ ಎಂದು ನ್ಯಾಯಾಧೀಶರು ತೀರ್ಪುಗಳಲ್ಲಿ ಬರೆಯುತ್ತಲೇ ಬಂದಿದ್ದಾರೆ. ಕೊಲೆ ಮೊಕದ್ದಮೆಯ ಸಾಕ್ಷಿಗೆ ಸಿಗುವ ಈ ಅವಕಾಶ ಸಾರ್ವಜನಿಕ ಚರ್ಚೆಯಲ್ಲಿ ಒಬ್ಬ ಲೇಖಕಿಗೆ ಸಿಗುವುದಿಲ್ಲ. ಪೂರ್ತಿ ಮಾತನ್ನು ಮುಂದಿಟ್ಟು, ಇದಕ್ಕೇನು ಹೇಳುತ್ತೀರಿ ಎಂದು ಕೇಳುವ ವ್ಯವಧಾನ ನಮ್ಮಲ್ಲಿ ಇಲ್ಲವಾಗಿದೆ.

ಇಲ್ಲಿಯವರೆಗೆ ಹೇಳಿದ್ದು, ಇಲ್ಲದ ಕಡೆ ಕಾಂಟ್ರಡಿಕ್ಷನ್ ಕಾಣುವ ತಪ್ಪಿನ ಬಗ್ಗೆ. ಇದರ ಇನ್ನೊಂದು ಮಗ್ಗುಲು ನಮ್ಮ ದೃಷ್ಟಿಯಲ್ಲಿ ಹೆಚ್ಚು ಗಂಭೀರವಾದದ್ದು. ಅದು, ನಿಜವಾದ ಕಾಂಟ್ರಡಿಕ್ಷನ್ ಇರುವ ಕಡೆ ಅದನ್ನು ಮೆತ್ತಗೆ ಮಾಡುವುದು.

ಇಂಗ್ಲಿಷಿನಲ್ಲಿ ಕಾಂಟ್ರಡಿಕ್ಷನ್, ಪ್ಯಾರಡಾಕ್ಸ್, ಐರನಿ ಎಂಬ ಮೂರು ಪದಗಳು ಮೂರು ಕೆಲಸಕ್ಕಿವೆ. ಪ್ಯಾರಡಾಕ್ಸ್ ಎಂದರೆ ಮೇಲ್ನೋಟಕ್ಕೆ ವಿರುದ್ಧವೆನಿಸಿ, ಯೋಚಿಸಿದಾಗ ಒಳಗೊಂದು ಸತ್ಯ ಕಾಣಿಸುವ ಮಾತು. ಕನ್ನಡ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಹತ್ತಿರದ ಅಲಂಕಾರಕ್ಕೆ ವಿರೋಧಾಭಾಸ ಎನ್ನುತ್ತಾರೆ. ಆಭಾಸ ಎಂದರೆ ತೋರಿಕೆ. ವಿರೋಧದ ತೋರಿಕೆ ಇದೆ, ವಿರೋಧವಿಲ್ಲ. ಐರನಿ ಎಂದರೆ ಎಣಿಸಿದ್ದು ಒಂದು, ಆದದ್ದು ಇನ್ನೊಂದು. ಇದಕ್ಕೆ ವಿಪರ್ಯಾಸ ಎನ್ನಬಹುದು. ಕಾಂಟ್ರಡಿಕ್ಷನ್ನಿಗೆ ವೈರುಧ್ಯ ಎಂಬ ಪದವಿದೆ. ಹೀಗೆ ಮೂರು ಪದಗಳು ಕೈಯಲ್ಲಿದ್ದರೂ ನಮ್ಮ ಪತ್ರಿಕೆಗಳು, ಭಾಷಣಗಳು, ಕಥೆಗಳು ಎಲ್ಲದಕ್ಕೂ ವಿರೋಧಾಭಾಸ ಎಂದೇ ಹೇಳುವುದು ರೂಢಿಯಾಗಿದೆ. ಅನ್ನ ಬೆಳೆಯುವವನ ಮನೆಯಲ್ಲಿ ಹಸಿವು ಕಂಡರೆ, "ಎಂಥ ವಿರೋಧಾಭಾಸ!" ಎಂದು ಬರೆಯುತ್ತೇವೆ. ಆ ಹಸಿವು ತೋರಿಕೆಯದೇ?

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಮಾಡಿದ ಭಾಷಣವನ್ನು ನೆನೆಯಬೇಕು. 1950ರ ಜನವರಿ 26ರಂದು ನಾವು ಕಾಂಟ್ರಡಿಕ್ಷನ್‌ಗಳ ಬದುಕಿಗೆ ಕಾಲಿಡುತ್ತಿದ್ದೇವೆ ಎಂದು ಅವರು ಎಚ್ಚರಿಸಿದರು. ರಾಜಕೀಯದಲ್ಲಿ ಸಮಾನತೆ, ಒಬ್ಬರಿಗೆ ಒಂದು ಮತ, ಆ ಮತಕ್ಕೆ ಒಂದೇ ಬೆಲೆ. ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ. ಇದನ್ನು ಆದಷ್ಟು ಬೇಗ ನಿವಾರಿಸದಿದ್ದರೆ ಅಸಮಾನತೆ ಉಂಡವರು ಈ ಸಭೆ ಕಷ್ಟಪಟ್ಟು ಕಟ್ಟಿದ ರಾಜಕೀಯ ಪ್ರಜಾಪ್ರಭುತ್ವವನ್ನೇ ಒಡೆದುಹಾಕುವರು ಎಂಬುದು ಅವರ ಮಾತಿನ ಸಾರ. ಅವರು ಪ್ಯಾರಡಾಕ್ಸ್ ಎನ್ನಲಿಲ್ಲ, ಐರನಿ ಎನ್ನಲಿಲ್ಲ. ಕಾನೂನು ಓದಿದ್ದ ಅವರಿಗೆ ಕಾಂಟ್ರಡಿಕ್ಷನ್ ಎಂದರೆ ಎರಡರಲ್ಲಿ ಒಂದು ಬಿದ್ದುಹೋಗಲೇಬೇಕಾದ ಸ್ಥಿತಿಯೆಂದು ಗೊತ್ತಿತ್ತು. ಈ ಮಾತಿಗೆ ಕನ್ನಡದಲ್ಲಿ ವಿರೋಧಾಭಾಸ ಎಂದು ಬರೆದರೆ ಎಚ್ಚರಿಕೆ ಹೋಗಿ ಅಲಂಕಾರ ಉಳಿಯುತ್ತದೆ.

ಎಡಪಂಥೀಯ ಗೆಳೆಯರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಹೆಗೆಲ್, ಮಾರ್ಕ್ಸ್ ಅವರ ನಂತರ ಈ ಪದ ಮಾತಿನ ಮಟ್ಟದಲ್ಲಿ ಉಳಿದಿಲ್ಲ, ಸಮಾಜದ ರಚನೆಯಲ್ಲೇ ವೈರುಧ್ಯವಿದೆ, ಅದಕ್ಕೆ ಯಾರೂ ಬಾಯಿ ತೆರೆದು ಹೇಳಬೇಕಾಗಿಲ್ಲ ಎಂದು. ಇದು ನಿಜ. 1937ರ ಪ್ರಬಂಧದಲ್ಲಿ ಮಾವೋ ಜಗತ್ತಿನ ಎಲ್ಲ ವಸ್ತುಗಳಲ್ಲೂ ವೈರುಧ್ಯವನ್ನು ಕಂಡರು. ಆದರೆ ಅವರು ಬರೆದ ಭಾಷೆಯ ಪದ ಅದೇ ಈಟಿ-ಗುರಾಣಿಯ ಪದ. ಹೆಗೆಲ್ ಬಳಸಿದ ಜರ್ಮನ್ ಪದದಲ್ಲೂ ಎದುರು ಮತ್ತು ಮಾತು ಎಂಬ ಎರಡು ತುಂಡುಗಳೇ ಇವೆ. ಬೇರನ್ನು ಮರೆಯದಿರುವುದರಲ್ಲಿ ಒಂದು ಲಾಭವಿದೆ. ಸಮಾಜದಲ್ಲಿ ವೈರುಧ್ಯವಿದೆ ಎಂದಾಗ, ಈ ಸಮಾಜ ಯಾರಿಗೆ ಏನೆಂದು ಮಾತು ಕೊಟ್ಟಿತ್ತು, ಈಗ ಅದನ್ನು ಯಾರು ಬಿಚ್ಚಿಹಾಕುತ್ತಿದ್ದಾರೆ ಎಂದು ಕೇಳಲು ಬರುತ್ತದೆ. ಅಂಬೇಡ್ಕರ್ ಅವರ ವಾಕ್ಯಕ್ಕೆ ಬಲ ಬಂದದ್ದೂ ಇದರಿಂದಲೇ. ಸಂವಿಧಾನ ಒಂದು ಮಾತು ಹೇಳಿತ್ತು, ಊರಿನ ಬಾವಿ ಇನ್ನೊಂದು ಮಾತು ಹೇಳುತ್ತಿತ್ತು.

ಸಾಹಿತ್ಯದಲ್ಲಿ ಈ ಪದಕ್ಕೆ ಗೌರವದ ಸ್ಥಾನ ಕೊಟ್ಟವರಲ್ಲಿ ಇಂಗ್ಲಿಷ್ ವಿಮರ್ಶಕ ವಿಲಿಯಂ ಎಂಪ್ಸನ್ ಒಬ್ಬರು. 1930ರಲ್ಲಿ, ಇನ್ನೂ 24ನೇ ವಯಸ್ಸಿನಲ್ಲಿ, ಕಾವ್ಯದ ಸಂದಿಗ್ಧತೆಯಲ್ಲಿ ಏಳು ಬಗೆಗಳಿವೆ ಎಂದು ಅವರು ಪುಸ್ತಕ ಬರೆದರು. ಏಳನೆಯ ಬಗೆಯೇ ಪೂರ್ಣ ವೈರುಧ್ಯ. ಒಂದೇ ಮಾತಿಗೆ ಎರಡು ವಿರುದ್ಧ ಅರ್ಥಗಳು ಬಂದು, ಬರೆದವನ ಮನಸ್ಸೇ ಸೀಳಿದೆ ಎಂಬುದು ಅಲ್ಲಿ ಗೋಚರಿಸುತ್ತದೆ. ನಮ್ಮ ನವ್ಯ ವಿಮರ್ಶೆ ಇಂಥ ಇಂಗ್ಲಿಷ್ ವಿಮರ್ಶಕರಿಂದ ಬಹಳ ಕಲಿತಿದೆ. ವೈರುಧ್ಯ, ದ್ವಂದ್ವ, ಸಂಕೀರ್ಣತೆಗಳನ್ನು ಕೃತಿಯ ಗುಣವೆಂದು ಎಣಿಸುವುದು ಅಲ್ಲಿಂದಲೇ ಗಟ್ಟಿಯಾಯಿತು. ಕಥೆ ಬರೆಯುವವರಾಗಿ ನಾವು ಇದಕ್ಕೆ ಋಣಿಗಳು. ಮನುಷ್ಯರನ್ನು ಎರಡು ಸಾಲಿನ ತೀರ್ಪಿನಲ್ಲಿ ಮುಗಿಸಬಾರದೆಂಬುದನ್ನು ಈ ವಿಮರ್ಶೆ ಕಲಿಸಿತು. ಆದರೆ ಎಂಪ್ಸನ್ ಹೇಳಿದ್ದು ಬರೆದವನ ಸೀಳನ್ನು ಓದುಗ ಕಾಣುತ್ತಾನೆ ಎಂದು. ಬರೆದವನು ತನ್ನ ಸೀಳನ್ನು ಬದುಕಿನ ಸೊಗಸೆಂದು ತಾನೇ ತೋರಿಸಿ ಮೆಚ್ಚುಗೆ ಪಡೆಯಬೇಕೆಂದು ಅವರು ಎಲ್ಲೂ ಹೇಳಲಿಲ್ಲ. ಆ ಕೆಲಸವನ್ನು ನಾವು ಮಾಡಿದ್ದೇವೆ.

ಅಬ್ಬಾ ತೀರಿಕೊಂಡ ಎರಡನೆಯ ವರ್ಷ ಮನೆ ಮತ್ತು ಮನೆಯ ಮುಂದಿನ ಎರಡು ಮಳಿಗೆಗಳನ್ನು ಗಂಡುಮಕ್ಕಳ ಹೆಸರಿಗೆ ಮಾಡಿಸುವ ಮಾತು ಬಂತು. ಅನ್ನಿಸಾ ಅಧ್ಯಾಯದ 7ನೇ ವಚನ ತಂದೆತಾಯಿ ಬಿಟ್ಟುಹೋದದ್ದರಲ್ಲಿ, ಅದು ಕೊಂಚವಿರಲಿ ಹೆಚ್ಚಿರಲಿ, ಹೆಣ್ಣಿಗೂ ಪಾಲಿದೆಯೆನ್ನುತ್ತದೆ. 11ನೇ ವಚನ ಮಗಳ ಪಾಲು ಮಗನ ಪಾಲಿನ ಅರ್ಧವೆಂದು ಗೊತ್ತುಮಾಡುತ್ತದೆ. ಹೆಣ್ಣಿಗೆ ಆಸ್ತಿಹಕ್ಕನ್ನು ಏಳನೇ ಶತಮಾನದಲ್ಲೇ ಕೊಟ್ಟ ಧರ್ಮ ನಮ್ಮದು ಎಂದು ನಾವು ವೇದಿಕೆಗಳಲ್ಲಿ ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಹಾಗೆ ಹೇಳುವ ನಾವೇ ನಮ್ಮ ಆಪಾಳನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದೆವು. ಒತ್ತಾಯ ಮಾಡಲಿಲ್ಲ. ಮದುವೆಗೆ ಖರ್ಚು ಮಾಡಿದ್ದೇವಲ್ಲ, ಹಬ್ಬಕ್ಕೆ ಕರೆಯುತ್ತೇವಲ್ಲ, ತವರುಮನೆ ಉಳಿಯಬೇಕಲ್ಲ ಎಂಬ ಮಾತುಗಳೇ ಸಾಕಾದವು. ಆಪಾ ಬುರ್ಖಾದ ತುದಿಯಿಂದ ಹೆಬ್ಬೆರಳಿನ ಶಾಯಿ ಒರೆಸಿಕೊಂಡದ್ದು ನಮಗೆ ನೆನಪಿದೆ.

ಆಮೇಲೆ ಅದರ ಮೇಲೊಂದು ಕಥೆ ಬರೆದೆವು. ಬೇರೆ ಊರು, ಬೇರೆ ಹೆಸರು. ಅಕ್ಕ ಸಹಿ ಮಾಡುವ ಹೊತ್ತಿಗೆ ಹೊರಗೆ ಮಸೀದಿಯ ಧ್ವನಿವರ್ಧಕದಲ್ಲಿ ಹೆಣ್ಣಿನ ಹಕ್ಕುಗಳ ಬಗ್ಗೆ ಪ್ರವಚನ ನಡೆಯುತ್ತಿರುತ್ತದೆ. ತಮ್ಮನ ಮನಸ್ಸಿನಲ್ಲಿ, ಬದುಕು ಎಂಥ ವಿರೋಧಾಭಾಸ ಎಂಬ ಯೋಚನೆ ಸುಳಿಯುತ್ತದೆ. ಕಥೆಗೆ ಒಳ್ಳೆಯ ಮಾತುಗಳು ಬಂದವು. ಬದುಕಿನ ವೈರುಧ್ಯಗಳನ್ನು ಸೂಕ್ಷ್ಮವಾಗಿ ಹಿಡಿದಿದ್ದಾರೆ ಎಂದು ಒಬ್ಬರು ಬರೆದರು. ಆಪಾಗೆ ಕನ್ನಡ ಓದಲು ಬರುವುದಿಲ್ಲ. ಅವಳ ಮಗಳು ಕಾಲೇಜಿನಲ್ಲಿ ಕನ್ನಡ ಓದಿದವಳು, ಕಥೆಯನ್ನು ಅವಳಿಗೆ ಓದಿ ಹೇಳಿದಳು. ಮುಂದಿನ ಸಲ ಮನೆಗೆ ಬಂದಾಗ ಆಪಾ ಕಥೆಯ ಬಗ್ಗೆ ಏನೂ ಹೇಳಲಿಲ್ಲ. ಊಟಕ್ಕೆ ಕುಳಿತಾಗ, "ಕೊನೆಗೆ ಒಂದು ದೊಡ್ಡ ಪದ ಬರೆದಿದ್ದೀಯಲ್ಲಾ ಭಾಯಿ, ಅದರ ಅರ್ಥ ಏನು? ಹುಡುಗಿಗೆ ಹೇಳೋಕೆ ಬರಲಿಲ್ಲ" ಎಂದಳು.

ನಾವು ವಿವರಿಸಿದೆವು. ನೋಡೋದಕ್ಕೆ ಎದುರುಬದುರು ಅಂತ ಕಾಣುತ್ತದೆ, ನಿಜಕ್ಕೂ ಹಾಗಿರೋದಿಲ್ಲ.

ಆಪಾ ಅನ್ನ ಕಲಸುತ್ತಲೇ, "ಕಾಣೋದು ಅಂದರೆ? ಸಹಿ ಹಾಕಿದ್ದು ನಿಜ ಅಲ್ಲವಾ?" ಎಂದಳು. ಮತ್ತೆ ಸಾರು ಬಡಿಸೆಂದು ನಮ್ಮ ಹೆಂಡತಿಯ ಕಡೆ ತಟ್ಟೆ ಚಾಚಿದಳು.

ಅವಳು ಎಂಪ್ಸನ್ ಓದಿದವಳಲ್ಲ, ಈಸಾಗೋಜಿಯನ್ನೂ ಕಂಡವಳಲ್ಲ. ಆದರೆ ತೋರಿಕೆಯ ವಿರೋಧಕ್ಕೂ ನಿಜವಾದ ವಿರೋಧಕ್ಕೂ ಇರುವ ಅಂತರ ಅವಳಿಗೆ ಗೊತ್ತಿತ್ತು. ನಾವು ಹೇಳಿಕೊಂಡು ಬಂದ ಮಾತೊಂದು, ನಾವು ಮಾಡಿಸಿದ ಪತ್ರ ಇನ್ನೊಂದು. ಹೆಣ್ಣಿಗೆ ಪಾಲಿದೆ, ಈ ಹೆಣ್ಣಿಗೆ ಪಾಲಿಲ್ಲ. ಮನೆಯೂ ಅದೇ, ಕಾಲವೂ ಅದೇ, ವಾರಸುದಾರರೂ ಅವರೇ. ಎಂಟು ಶರತ್ತುಗಳಲ್ಲಿ ಯಾವುದರ ಸಂದಿಯಿಂದಲೂ ನಾವು ನುಸುಳಿ ಹೋಗುವಂತಿಲ್ಲ. ನಮ್ಮನ್ನು ಕಾಂಟ್ರಡಿಕ್ಷನ್ ಎಂದು ಕರೆದ ಗೆಳೆಯರ ಮೇಲೆ ನಾವು ಬಸ್ಸಿನಲ್ಲಿ ಕುಳಿತು ಮುನಿಸಿಕೊಂಡೆವು. ಅವರಿಗೆ ನಮ್ಮ ಮನೆಯ ಕಾಗದಪತ್ರ ಗೊತ್ತಿದ್ದರೆ ಆ ಪದವನ್ನು ಸರಿಯಾದ ಜಾಗದಲ್ಲೇ ಇಡುತ್ತಿದ್ದರು.

ಆದ್ದರಿಂದ ಬರೆಯುವ, ಮಾತಾಡುವ ನಮ್ಮೆಲ್ಲರಿಗೂ ಒಂದು ಅರಿಕೆ. ಎರಡು ಭಾಷೆ, ಎರಡು ಉಡುಪು, ಎರಡು ಊರು ಒಬ್ಬರಲ್ಲೇ ಕಂಡಾಗ ಅದಕ್ಕೆ ವೈರುಧ್ಯ ಎನ್ನಬೇಡಿ. ಅದು ವ್ಯತ್ಯಾಸ, ಅದರ ಪಾಡಿಗೆ ಅದು ಬದುಕಬಲ್ಲದು. ಒಂದು ಮಾತು ಕೊಟ್ಟು ಅದನ್ನು ಬಿಚ್ಚಿಹಾಕಿದ್ದು ಕಂಡಾಗ ವಿರೋಧಾಭಾಸ, ವಿಪರ್ಯಾಸ ಎಂದು ಬರೆದು ಮುಂದೆ ಹೋಗಬೇಡಿ. ಅದು ವೈರುಧ್ಯ. ಅಲ್ಲಿ ಎರಡರಲ್ಲೊಂದನ್ನು ಯಾರಾದರೂ ಬಿಡಬೇಕಾಗುತ್ತದೆ, ಅದನ್ನು ಯಾರು ಬಿಡಬೇಕೆಂದು ಕೇಳಬೇಕಾಗುತ್ತದೆ.

ಆ ಕಥೆ ಈಗ ಸಂಕಲನದಲ್ಲಿ ಮತ್ತೆ ಅಚ್ಚಾಗುತ್ತಿದೆ. ಕರಡು ತಿದ್ದುವಾಗ ವಿರೋಧಾಭಾಸ ಎಂಬ ಪದವನ್ನು ಹೊಡೆದುಹಾಕಿ ವೈರುಧ್ಯ ಎಂದು ಬರೆದೆವು. ತಮ್ಮನ ಯೋಚನೆಯ ಆ ಇಡೀ ವಾಕ್ಯವನ್ನೇ ತೆಗೆಯಬೇಕಿತ್ತೋ ಏನೋ. ಮಳಿಗೆಗಳ ಬಾಡಿಗೆಯಲ್ಲಿ ಆಪಾಳ ಪಾಲೆಷ್ಟೆಂದು ಅಣ್ಣನೊಂದಿಗೆ ಕುಳಿತು ಲೆಕ್ಕ ಹಾಕಿದ್ದೇವೆ, ಅಣ್ಣ ಇನ್ನೂ ಒಪ್ಪಿಲ್ಲ. ಸದ್ಯಕ್ಕೆ ಪದ ಮಾತ್ರ ಬದಲಾಗಿದೆ.